ತಕ್ಕಡಿಯಿಂದ ಗೋಡೆಗೆ: ಗನಾಡೊ ಊರಿನ ಒಂದು ಅಂಗಡಿಯ ಕಥೆ

ಜಿನಸಿ ಅಂಗಡಿಯಲ್ಲಿ ವಸ್ತುವಿಗೆ ತೂಕವಿದೆ, ಬೆಲೆಯಿದೆ. ಕಲಾಮಂದಿರದಲ್ಲಿ ವಸ್ತುವಿಗೆ ಚೌಕಟ್ಟಿದೆ, ಸುತ್ತ ಒಂದಿಷ್ಟು ಮೌನವಿದೆ. ಒಂದನ್ನು ನಾವು ಕೈಚೀಲ ಹಿಡಿದು ಪ್ರವೇಶಿಸುತ್ತೇವೆ, ಇನ್ನೊಂದನ್ನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಹೀಗಾಗಿ ಇವೆರಡೂ ಒಂದೇ ಸೂರಿನಡಿಯಲ್ಲಿ ಸಂಸಾರ ಹೂಡಲಾರವೆಂಬುದು ನಮ್ಮ ಸಾಮಾನ್ಯ ತಿಳುವಳಿಕೆ. ಈ ತಿಳುವಳಿಕೆಯನ್ನು ತಲೆಕೆಳಗು ಮಾಡಿದ ಅಂಗಡಿಯೊಂದು ಅಮೆರಿಕದ ಅರಿಝೋನ ರಾಜ್ಯದಲ್ಲಿದೆ. ಹಿಟ್ಟು, ಕಾಫಿ, ಸಕ್ಕರೆಗಳನ್ನು ಮಾರಲು ಹುಟ್ಟಿದ ಆ ಕಲ್ಲಿನ ಕಟ್ಟಡ ಇಂದು ಒಂದು ಜನಾಂಗದ ಕಲೆಯನ್ನು ಕಣ್ತುಂಬ ನೋಡಬಹುದಾದ ತಾಣಗಳಲ್ಲಿ ಒಂದು. ಆದರೆ ಅದರ ಕಥೆ ಕೇವಲ ಹೆಮ್ಮೆಯ ಕಥೆಯಲ್ಲ. ನ್ಯಾಯವಾದ ಬೆಲೆ ಎಂದರೇನು, ಕಲಾವಿದನ ಹೆಸರಿಗೆ ಎಷ್ಟು ಬೆಲೆ ಎಂಬ ಹಳೆಯ ಪ್ರಶ್ನೆಗಳನ್ನು ಅದು ನಮ್ಮ ಮುಂದೆ ಮತ್ತೆ ಇಡುತ್ತದೆ.

ಊರಿನ ಹೆಸರು ಗನಾಡೊ. ನವಾಹೋ ಎಂಬ ಮೂಲನಿವಾಸಿ ಜನಾಂಗದ ಸೀಮೆಯ ನಡುವೆ ಇರುವ ಸಣ್ಣ ಊರು. ಅಂಗಡಿಗೆ ಅದರ ಯಜಮಾನನ ಹೆಸರೇ ನಿಂತಿದೆ: ಹಬೆಲ್ ವ್ಯಾಪಾರ ಠಾಣೆ.

ಹಿಂದಿರುಗಿ ಬಂದ ಜನ

ಈ ಅಂಗಡಿ ಏಕೆ ಹುಟ್ಟಿತೆಂದು ತಿಳಿಯಬೇಕಾದರೆ ಒಂದು ಕಣ್ಣೀರಿನ ಅಧ್ಯಾಯವನ್ನು ಮೊದಲು ಓದಬೇಕು. ನವಾಹೋ ಜನ ತಮ್ಮನ್ನು ತಾವು 'ದಿನೆ' ಎಂದು ಕರೆದುಕೊಳ್ಳುತ್ತಾರೆ. ಹಾಗೆಂದರೆ 'ಜನರು' ಎಂದಷ್ಟೇ ಅರ್ಥ. ಕುರಿ ಸಾಕಣೆ, ಜೋಳದ ಬೇಸಾಯ ಮತ್ತು ನೇಯ್ಗೆ ಅವರ ಬದುಕಿನ ಮೂರು ಆಧಾರಗಳಾಗಿದ್ದವು. 1863ರಲ್ಲಿ ಅಮೆರಿಕದ ಸೈನ್ಯ ಕಿಟ್ ಕಾರ್ಸನ್ ಎಂಬಾತನ ನೇತೃತ್ವದಲ್ಲಿ ಅವರ ಬೆಳೆಗಳನ್ನು ಸುಟ್ಟು, ಕುರಿಮಂದೆಗಳನ್ನು ನಾಶಗೊಳಿಸಿತು. ಕಣಿವೆಗಳಲ್ಲಿ ಅವರು ಮಕ್ಕಳಂತೆ ಬೆಳೆಸಿದ್ದ ಪೀಚ್ ಹಣ್ಣಿನ ತೋಟಗಳನ್ನೂ ಕಡಿದುರುಳಿಸಿತು. ಹಸಿವಿಗೆ ಶರಣಾದ ಸಾವಿರಾರು ಜನರನ್ನು 1864ರಲ್ಲಿ 300 ಮೈಲಿಗೂ ಹೆಚ್ಚು ದೂರ ಕಾಲ್ನಡಿಗೆಯಲ್ಲಿ ಬೋಸ್ಕೆ ರೆಡೊಂಡೊ ಎಂಬ ಬಂಜರು ಬಯಲಿಗೆ ಅಟ್ಟಲಾಯಿತು. ಈ ಗಡೀಪಾರನ್ನು ಚರಿತ್ರೆ 'ದೀರ್ಘ ನಡಿಗೆ' ಎಂದು ಕರೆಯುತ್ತದೆ. ಅಲ್ಲಿನ ನಾಲ್ಕು ವರ್ಷಗಳಲ್ಲಿ ರೋಗಕ್ಕೂ ಹಸಿವಿಗೂ ಎರಡು ಸಾವಿರಕ್ಕೂ ಹೆಚ್ಚು ಮಂದಿ ಬಲಿಯಾದರು.

1868ರ ಜೂನ್ 1ರಂದು ಆದ ಒಪ್ಪಂದದಿಂದ ಉಳಿದವರು ತಮ್ಮ ನೆಲಕ್ಕೆ ಮರಳಿದರು. ಇಡೀ ಜನಾಂಗಕ್ಕೆ 15,000 ಕುರಿ ಮತ್ತು ಮೇಕೆಗಳನ್ನು ಕೊಡುವುದಾಗಿ ಸರಕಾರ ಆ ಒಪ್ಪಂದದಲ್ಲಿ ಮಾತು ಕೊಟ್ಟಿತ್ತು. ಮುಂದಿನ ವರ್ಷ ಅವನ್ನು ಹಂಚಿದಾಗ ತಲೆಗೆ ಎರಡರಂತೆ ದೊರೆಯಿತು. ಆ ಎರಡು ಪ್ರಾಣಿಗಳನ್ನು ಕೊಯ್ದು ತಿನ್ನದೆ ಕಾಪಾಡಿಕೊಂಡದ್ದು ಆ ಜನರ ಸಂಯಮಕ್ಕೆ ಸಾಕ್ಷಿ. ಕೆಲವೇ ವರ್ಷಗಳಲ್ಲಿ ಮಂದೆಗಳು ಮತ್ತೆ ಬೆಳೆದವು, ಮಗ್ಗಗಳು ಮತ್ತೆ ಎದ್ದು ನಿಂತವು. ಆದರೆ ಸೆರೆಯಲ್ಲಿದ್ದಾಗ ಪಡಿತರವಾಗಿ ಕೊಟ್ಟ ಗೋಧಿಹಿಟ್ಟು, ಕಾಫಿ, ಸಕ್ಕರೆ ಈಗ ಅವರ ನಿತ್ಯದ ಆಹಾರವಾಗಿಬಿಟ್ಟಿದ್ದವು. ಅವನ್ನು ಕೊಡುವವರು ಬೇಕಿತ್ತು. ಪ್ರತಿಯಾಗಿ ಕೊಡಲು ಇವರ ಬಳಿ ಉಣ್ಣೆಯಿತ್ತು. ಈ ಸಂಧಿಯಲ್ಲಿ ವ್ಯಾಪಾರಿ ಪ್ರವೇಶಿಸಿದ.

ದೊಡ್ಡಿಯೊಳಗಿನ ವ್ಯವಹಾರ

ಜಾನ್ ಲೊರೆಂಜೊ ಹಬೆಲ್ ಹುಟ್ಟಿದ್ದು 1853ರಲ್ಲಿ, ನ್ಯೂ ಮೆಕ್ಸಿಕೊ ಪ್ರಾಂತದ ಪಹಾರಿತೊ ಎಂಬಲ್ಲಿ. ತಂದೆ ಅಮೆರಿಕದ ಪೂರ್ವ ಕರಾವಳಿಯಿಂದ ಸೈನ್ಯದೊಡನೆ ಬಂದವರು, ತಾಯಿ ಸ್ಪ್ಯಾನಿಷ್ ಮನೆತನದ ಕಥೊಲಿಕ ಹೆಣ್ಣುಮಗಳು. ತಾಯಿಯ ಭಾಷೆಯನ್ನೂ ವಿಶ್ವಾಸವನ್ನೂ ಉಂಡು ಬೆಳೆದ ಹಬೆಲ್, 1878ರಲ್ಲಿ ಗನಾಡೊದ ಅಂಗಡಿಯನ್ನು ಕೊಂಡ. ದೀರ್ಘ ನಡಿಗೆಯಿಂದ ಜನ ಮರಳಿ ಆಗ ಹತ್ತೇ ವರ್ಷಗಳಾಗಿದ್ದವು. ನವಾಹೋ ಜನ ಅವನಿಗೆ ಎರಡು ಹೆಸರಿಟ್ಟರು: 'ಮುದುಕ ಮೆಕ್ಸಿಕನ್' ಎಂದೊಂದು, ಕನ್ನಡಕ ಧರಿಸುತ್ತಿದ್ದುದರಿಂದ 'ಕನ್ನಡಕದವನು' ಎಂದು ಇನ್ನೊಂದು.

ಈಗ ನಾವು ಕಾಣುವ ಉದ್ದನೆಯ ಕಲ್ಲಿನ ಕಟ್ಟಡ 1883ರ ಸುಮಾರಿಗೆ ಆರಂಭವಾದದ್ದು. ಒಳಹೊಕ್ಕೊಡನೆ ಸಿಗುವ ಕೋಣೆಗೆ 'ಹೋರಿದೊಡ್ಡಿ' ಎಂಬ ಅರ್ಥದ ಅಡ್ಡಹೆಸರು. ಮೂರು ಬದಿಗಳಲ್ಲಿ ಎತ್ತರವಾದ, ಅಗಲವಾದ ಹಲಗೆಯ ಕಟ್ಟೆಗಳು. ಅವುಗಳ ಹಿಂದೆ ಹಿಟ್ಟಿನ ಚೀಲ, ಹುರಿದ ಕಾಫಿಬೀಜದ ಪೊಟ್ಟಣ, ಡಬ್ಬಿಯ ಹಣ್ಣು, ಬಟ್ಟೆಯ ಥಾನು, ಲಾಟೀನು, ಕುದುರೆಯ ಸಜ್ಜು. ನಡುವೆ ಕಬ್ಬಿಣದ ಒಲೆ. ದೂರದೂರದಿಂದ ಬಂಡಿಯಲ್ಲಿ, ಕುದುರೆಯ ಮೇಲೆ ಬಂದವರು ಒಲೆಯ ಸುತ್ತ ನಿಂತು ಮೈ ಕಾಯಿಸಿಕೊಂಡು, ಸುದ್ದಿ ಹಂಚಿಕೊಂಡು, ಆಮೇಲೆ ವ್ಯಾಪಾರಕ್ಕೆ ತೊಡಗುತ್ತಿದ್ದರು. ಅವಸರಕ್ಕೆ ಅಲ್ಲಿ ಎಡೆಯಿರಲಿಲ್ಲ.

ನಗದು ಹಣ ಅಪರೂಪವಾಗಿದ್ದ ಆ ಸೀಮೆಯಲ್ಲಿ ಎಲ್ಲವೂ ಉದ್ರಿ ಪುಸ್ತಕದ ಮೇಲೆ ನಡೆಯುತ್ತಿತ್ತು. ವಸಂತದಲ್ಲಿ ಉಣ್ಣೆ, ಶರತ್ಕಾಲದಲ್ಲಿ ಕುರಿಮರಿ. ಈ ಎರಡು ಸುಗ್ಗಿಗಳ ನಡುವಿನ ತಿಂಗಳುಗಳನ್ನು ಸಾಲದಲ್ಲಿ ದಾಟಬೇಕು. ಸಾಲಕ್ಕೆ ಬೆಳ್ಳಿಯ ಆಭರಣಗಳನ್ನು ಅಡವಿಡುವುದುಂಟು. ಉದ್ರಿ ಪುಸ್ತಕದ ನಂಟನ್ನು ಬಲ್ಲ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ಹಸಿದವನನ್ನು ಬದುಕಿಸುತ್ತದೆ, ಜೊತೆಗೆ ಕಟ್ಟಿಯೂ ಹಾಕುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಪೇಟೆಯ ಅಂಗಡಿಯವನು ಕೇವಲ ಮಾರುತ್ತಾನೆ. ಗನಾಡೊದ ಅಂಗಡಿಯವನು ಮಾರುವವನೂ ಹೌದು, ಕೊಳ್ಳುವವನೂ ಹೌದು. ಹಿಟ್ಟಿಗೆ ಬೆಲೆ ಕಟ್ಟುವವನೂ ಅವನೇ, ಉಣ್ಣೆಗೆ ಬೆಲೆ ಕಟ್ಟುವವನೂ ಅವನೇ. ತಕ್ಕಡಿಯ ಎರಡು ತಟ್ಟೆಗಳೂ ಒಬ್ಬನ ಕೈಯಲ್ಲಿದ್ದವು.

ಮಗ್ಗದ ಮುಂದೆ ಕುಳಿತವಳು

ನವಾಹೋ ನೇಯ್ಗೆ ಹೆಚ್ಚಾಗಿ ಹೆಂಗಸರ ವಿದ್ಯೆ. 'ಜೇಡ ಮಾತೆ' ತಮಗೆ ನೇಯ್ಗೆಯನ್ನು ಕಲಿಸಿದಳೆಂದು ಅವರ ಪುರಾಣ ಹೇಳುತ್ತದೆ. ನೆರೆಯ ಪುಯೆಬ್ಲೊ ಜನರಿಂದ ಕಲಿತರೆಂದು ಇತಿಹಾಸಕಾರರು ಹೇಳುತ್ತಾರೆ. ಉಣ್ಣೆ ಕೊಟ್ಟದ್ದು ಸ್ಪೇನಿನವರು ತಂದ ಚುರ್ರೊ ತಳಿಯ ಕುರಿ. ಅದರ ಉಣ್ಣೆಯಲ್ಲಿ ಜಿಡ್ಡು ಕಡಿಮೆ, ಎಳೆ ಉದ್ದ. ನೀರು ವಿರಳವಾದ ಮರುಭೂಮಿಗೆ ಹೇಳಿ ಮಾಡಿಸಿದಂಥದು.

ಒಂದು ಕಂಬಳಿ ಹುಟ್ಟಬೇಕಾದರೆ ಮೊದಲು ಕುರಿಯನ್ನು ಮೇಯಿಸಬೇಕು, ಉಣ್ಣೆ ಕತ್ತರಿಸಬೇಕು, ಯಕ್ಕ ಎಂಬ ಗಿಡದ ಬೇರಿನ ನೊರೆಯಲ್ಲಿ ತೊಳೆಯಬೇಕು, ಹಿಂಜಬೇಕು, ಕದಿರಿನಿಂದ ನೂಲಬೇಕು, ಬಣ್ಣ ಕಟ್ಟಬೇಕು. ಇಷ್ಟಾದ ಮೇಲೆ ಮಗ್ಗ. ಮಗ್ಗವೆಂದರೆ ನೆಟ್ಟಗೆ ನಿಲ್ಲಿಸಿದ ಮರದ ಚೌಕಟ್ಟು. ಅದರಲ್ಲಿ ಲಾಳಿಯಿಲ್ಲ, ಹೊಕ್ಕಿನ ನೂಲನ್ನು ಹಾಸಿನ ಎಳೆಗಳ ನಡುವೆ ಬೆರಳಿನಿಂದಲೇ ತೂರಿಸಿ ಮರದ ಹಣಿಗೆಯಿಂದ ಬಿಗಿಯಾಗಿ ಬಡಿಯುತ್ತಾರೆ. ನೇಯ್ಗೆ ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ. ಸಾಮಾನ್ಯವಾಗಿ ಕಾಗದದ ಮೇಲೆ ನಕ್ಷೆ ಇರುವುದಿಲ್ಲ. ಇಡೀ ವಿನ್ಯಾಸ ನೇಕಾರಳ ಮನಸ್ಸಿನಲ್ಲಿರುತ್ತದೆ. ಮೇಲಂಚು ಮುಟ್ಟುವ ಹೊತ್ತಿಗೆ ಎಡಬಲಗಳು, ಮೇಲುಕೆಳಗುಗಳು ತಪ್ಪದೆ ಕೂಡಬೇಕು. ರೇಖಾಗಣಿತವನ್ನು ಶಾಲೆಯಲ್ಲಿ ಕಲಿಯದವರ ರೇಖಾಗಣಿತ ಇದು.

ಮೊದಲು ಇವು ಉಡುವ, ಹೊದೆಯುವ ಕಂಬಳಿಗಳಾಗಿದ್ದವು. 1880ರ ದಶಕದ ಆರಂಭದಲ್ಲಿ ರೈಲು ಬಂದಿತು. ಅದರೊಡನೆ ಗಿರಣಿಯ ಅಗ್ಗದ ಕಂಬಳಿಗಳೂ ಬಂದವು. ನೇಯ್ಗೆ ಅಲ್ಲಿಗೇ ಮುಗಿದುಹೋಗಬಹುದಿತ್ತು. ಅದೇ ರೈಲು ಪೂರ್ವದ ನಗರಗಳ ಗಿರಾಕಿಗಳನ್ನೂ ಹತ್ತಿರ ತಂದದ್ದರಿಂದ ಹೊದೆಯುವ ಕಂಬಳಿ ನೆಲಹಾಸಾಗಿ ಮಾರ್ಪಟ್ಟು ಬದುಕಿಕೊಂಡಿತು. ಈ ಮಾರ್ಪಾಟಿನ ಮುಖ್ಯ ಮಧ್ಯವರ್ತಿಗಳಲ್ಲಿ ಹಬೆಲ್ ಒಬ್ಬ.

ಗೋಡೆಯ ಮೇಲಿನ ಮಾದರಿಗಳು

ಹಬೆಲ್‌ಗೆ ಒಳ್ಳೆಯ ಕಣ್ಣಿತ್ತು. ಬೇಗ ಮಾಸುವ ಕೀಳು ಬಣ್ಣಗಳನ್ನೂ ಹಾಸಿಗೆ ಹತ್ತಿಯ ನೂಲು ಬಳಸುವುದನ್ನೂ ಅವನು ನಿರುತ್ಸಾಹಗೊಳಿಸಿದ. ಕಡುಗೆಂಪು, ಬೂದು, ಕಪ್ಪು, ಬಿಳಿ ಎಂಬ ನಾಲ್ಕು ಬಣ್ಣಗಳ ಸಂಯೋಜನೆಗೆ ಪ್ರೋತ್ಸಾಹ ಕೊಟ್ಟ. ಆ ಕಡುಗೆಂಪು ಇಂದಿಗೂ 'ಗನಾಡೊ ಕೆಂಪು' ಎಂದೇ ಪ್ರಸಿದ್ಧ. 1902ರಲ್ಲಿ ಅವನು ಅಂಚೆಯ ಮೂಲಕ ಮಾರಲು ಬೆಲೆಪಟ್ಟಿಯನ್ನೂ ಅಚ್ಚು ಹಾಕಿಸಿದ. ರೈಲು ನಿಲ್ದಾಣಗಳಲ್ಲಿ ಹೋಟೆಲುಗಳನ್ನು ನಡೆಸುತ್ತಿದ್ದ ಫ್ರೆಡ್ ಹಾರ್ವೆ ಕಂಪೆನಿ ಅವನ ದೊಡ್ಡ ಗಿರಾಕಿಯಾಯಿತು.

ಕಲೆ ಈ ಅಂಗಡಿಯ ಗೋಡೆಗೆ ಏರಿದ್ದು ಹೀಗೆ: 1897ರಲ್ಲಿ ಎಲ್ಬ್ರಿಜ್ ಬರ್ಬ್ಯಾಂಕ್ ಎಂಬ ಚಿತ್ರಕಾರ ಗನಾಡೊಗೆ ಬಂದ. ಮುಂದೆ ಮೇನಾರ್ಡ್ ಡಿಕ್ಸನ್ ಮೊದಲಾದವರು ಬಂದರು. ಬಂದ ಅತಿಥಿಯಿಂದ ಊಟಕ್ಕೂ ವಸತಿಗೂ ಹಣ ಕೇಳದ ಮನೆ ಅದು. ಚಿತ್ರಕಾರರು ತಮ್ಮ ಕೃತಿಗಳನ್ನು ಅಲ್ಲಿ ಬಿಟ್ಟುಹೋದರು. ಇನ್ನು ಕೆಲವನ್ನು ಹಬೆಲ್ ಕೊಂಡ. ಬರ್ಬ್ಯಾಂಕ್ ಕೆಂಪು ಸೀಮೆಸುಣ್ಣದಲ್ಲಿ ಬರೆದ ಮೂಲನಿವಾಸಿಗಳ ಮುಖಚಿತ್ರಗಳೇ ನೂರಕ್ಕೂ ಮಿಕ್ಕಿವೆ. ಅಂಗಡಿಯ ಹಿಂದಿನ ಮನೆಯ ನಡುಕೋಣೆಯಲ್ಲಿ ಗೋಡೆ ಸಾಲದೆ, ಛಾವಣಿಯ ತೊಲೆಗಳ ನಡುವೆ ಬುಟ್ಟಿಗಳನ್ನು ಹೊಂದಿಸಿಟ್ಟಿದ್ದಾರೆ. 1913ರಲ್ಲಿ ಮಾಜಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಕೂಡ ಈ ಮನೆಗೆ ಬಂದವರು.

ಈ ಎಲ್ಲ ಚಿತ್ರಗಳಿಗಿಂತ ಕುತೂಹಲಕರವಾದವು ಅಂಗಡಿಯ ಗೋಡೆಯ ಪುಟ್ಟ ಪುಟ್ಟ ವರ್ಣಚಿತ್ರಗಳು. ಹಳೆಯ, ಒಳ್ಳೆಯ ಕಂಬಳಿಗಳ ವಿನ್ಯಾಸಗಳನ್ನು ಹಬೆಲ್ ಬರ್ಬ್ಯಾಂಕ್ ಮೊದಲಾದವರಿಂದ ಬರೆಸಿ ಅಲ್ಲಿ ತೂಗಿಹಾಕಿದ್ದ. ನೇಯ್ಗೆಯ ಹೆಣ್ಣುಮಗಳು ಬಂದಾಗ, ಇಂಥದು ನನಗೆ ಬೇಕು ಎಂದು ಬೊಟ್ಟು ಮಾಡಿ ತೋರಿಸುತ್ತಿದ್ದ. ಅವಳು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮನೆಗೆ ಹೋಗಿ ತನಗೆ ಸರಿಕಂಡ ಬದಲಾವಣೆಗಳೊಡನೆ ನೇಯುತ್ತಿದ್ದಳು. ಅಜ್ಜಿಯರ ವಿನ್ಯಾಸ ಚಿತ್ರಕಾರನ ಕುಂಚವನ್ನು ಹಾದು ಮೊಮ್ಮಗಳ ಮಗ್ಗಕ್ಕೆ ಮರಳುತ್ತಿತ್ತು. ಕಲಾಮಂದಿರಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗವನ್ನು ಊಹಿಸುವುದು ಕಷ್ಟ. ಆದರೆ ಯಾವ ವಿನ್ಯಾಸ ಗೋಡೆಗೇರಬೇಕೆಂದು ನಿರ್ಧರಿಸಿದವನು ವ್ಯಾಪಾರಿ ಎಂಬುದನ್ನೂ ಮರೆಯಬಾರದು.

ನೆರೆಯ ಮಠದವರು

ಗನಾಡೊದಿಂದ ಪೂರ್ವಕ್ಕೆ ಮೂವತ್ತು ಮೈಲಿಯೊಳಗೆ ಸಂತ ಮೈಕಲರ ಹೆಸರಿನ ಮಿಷನ್ ಕೇಂದ್ರವಿದೆ. ಫಿಲಡೆಲ್ಫಿಯದ ಸಿರಿವಂತ ಮನೆತನವನ್ನು ತೊರೆದು ಧರ್ಮಭಗಿನಿಯಾದ ಮದರ್ ಕ್ಯಾಥರೀನ್ ಡ್ರೆಕ್ಸೆಲ್ ಅದಕ್ಕೆ ಜಮೀನು ಕೊಡಿಸಿದರು. 2000ದ ಅಕ್ಟೋಬರ್ 1ರಂದು ಅವರನ್ನು ಸಂತರ ಪಟ್ಟಕ್ಕೇರಿಸಲಾಯಿತು. 1898ರಲ್ಲಿ ಅಲ್ಲಿಗೆ ಬಂದ ಫ್ರಾನ್ಸಿಸ್ಕನ್ ಗುರುಗಳಿಗೆ ನವಾಹೋ ಭಾಷೆಯ ಒಂದಕ್ಷರವೂ ತಿಳಿದಿರಲಿಲ್ಲ. ಅಂಚೆ ವ್ಯಾಪಾರದ ಬೆಲೆಪಟ್ಟಿಯೊಂದರ ಚಿತ್ರಗಳನ್ನು ತೋರಿಸಿ, ಇದಕ್ಕೆ ಏನೆನ್ನುತ್ತೀರಿ, ಅದಕ್ಕೆ ಏನೆನ್ನುತ್ತೀರಿ ಎಂದು ಕೇಳಿ ಅವರು ಪದಗಳನ್ನು ಬರೆದುಕೊಂಡರು. 1910ರಲ್ಲಿ ಅವರು ಹೊರತಂದ ನವಾಹೋ ನಿಘಂಟು ನೇಯ್ಗೆಯ ಪದಗಳನ್ನೂ ದಾಖಲಿಸಿದ ಮಹತ್ವದ ಗ್ರಂಥ. ಅಂಗಡಿಯ ಪುಸ್ತಕವೊಂದು ಭಾಷೆಯ ಪಾಠಪುಸ್ತಕವಾದ ಅಪೂರ್ವ ಪ್ರಸಂಗವಿದು. ಕಥೊಲಿಕನಾದ ಹಬೆಲ್, 1901ರಲ್ಲಿ ಗನಾಡೊಗೆ ಬಂದ ಪ್ರೆಸ್ಬಿಟೇರಿಯನ್ ಪಾದ್ರಿ ದಂಪತಿಗೂ ತನ್ನ ಬಾಗಿಲನ್ನು ತೆರೆದಿಟ್ಟಿದ್ದನೆಂಬುದನ್ನು ಇಲ್ಲಿಯೇ ಹೇಳಬೇಕು.

ಆದರೆ ನಮ್ಮ ಪಾಲಿನ ಲೆಕ್ಕವನ್ನೂ ಬಿಡುವಂತಿಲ್ಲ. ಸರಕಾರವೂ ವಿವಿಧ ಸಭೆಗಳೂ ದೇಶಾದ್ಯಂತ ನಡೆಸಿದ ವಸತಿ ಶಾಲೆಗಳು ಎಷ್ಟೋ ಮೂಲನಿವಾಸಿ ಮಕ್ಕಳನ್ನು ತಾಯಂದಿರ ಮಗ್ಗಗಳಿಂದಲೂ ತಾಯ್ನುಡಿಯಿಂದಲೂ ದೂರ ಒಯ್ದವು. ಈ ವ್ಯವಸ್ಥೆಯಲ್ಲಿ ಚರ್ಚ್ ವಹಿಸಿದ ಪಾತ್ರಕ್ಕಾಗಿ ಅಮೆರಿಕದ ಕಥೊಲಿಕ ಬಿಷಪರು 2024ರ ಜೂನ್‌ನಲ್ಲಿ ಅಂಗೀಕರಿಸಿದ ದಾಖಲೆಯಲ್ಲಿ ಕ್ಷಮೆ ಯಾಚಿಸಿದ್ದಾರೆ. ಒಂದು ಕೈ ಪದಗಳನ್ನು ಉಳಿಸುತ್ತಿದ್ದಾಗ ಇನ್ನೊಂದು ಕೈ ಆ ಪದಗಳನ್ನಾಡುವ ನಾಲಗೆಗಳನ್ನು ತಡೆಯುತ್ತಿತ್ತು.

ಉದ್ರಿ ಪುಸ್ತಕದ ಸಾಕ್ಷ್ಯ

ಅಂಗಡಿಯ ಲೆಕ್ಕಪತ್ರಗಳು ಇಂದು ಅರಿಝೋನ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿವೆ. ಅವನ್ನು ಶೋಧಿಸಿದ ಕ್ಯಾಥಿ ಮ್ಯಾಕ್ಲಾಸ್ಕಿ ಎಂಬ ವಿದುಷಿ 2002ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಕಟುವಾದ ವಾದವನ್ನು ಮಂಡಿಸಿದ್ದಾರೆ: ನೇಯ್ಗೆಯಿಂದ ವ್ಯಾಪಾರ ಬೆಳೆಯಿತು, ನೇಯ್ದವರು ಬಡವರಾಗಿಯೇ ಉಳಿದರು. ಆ ಕಾಲದ ವ್ಯಾಪಾರಿಗಳು ಸಾಧಾರಣ ಕಂಬಳಿಗಳನ್ನು ಉಣ್ಣೆಯಂತೆಯೇ ತೂಕದ ಮೇಲೆ ಕೊಳ್ಳುತ್ತಿದ್ದುದು ವಾಡಿಕೆ. ನೂಲಿಗೆ ತೂಕವುಂಟು, ವಿನ್ಯಾಸಕ್ಕೆ ತೂಕವಿಲ್ಲ. ತಿಂಗಳುಗಟ್ಟಲೆ ಮನಸ್ಸಿನಲ್ಲಿ ಹೊತ್ತ ರೇಖೆಗಳನ್ನು ಯಾವ ತಕ್ಕಡಿಯೂ ತೂಗಲಿಲ್ಲ.

ಪಾದರಕ್ಷೆಗೆ ಎರಡು ಉಪಯೋಗಗಳಿವೆ, ಮೆಟ್ಟಲೂಬಹುದು, ವಿನಿಮಯಕ್ಕೆ ಕೊಡಲೂಬಹುದು ಎಂದು ಅರಿಸ್ಟಾಟಲ್ ವಿವೇಚಿಸಿದ್ದಾನೆ. ಇನ್ನೊಬ್ಬನ ಅಗತ್ಯವನ್ನೇ ನೆವ ಮಾಡಿಕೊಂಡು ಬೆಲೆಯನ್ನು ಏರಿಸುವುದು ನಮ್ಮದಲ್ಲದ್ದನ್ನು ಮಾರಿದಂತೆ ಎಂಬುದು ಸಂತ ತೋಮಸ್ ಅಕ್ವಿನಾಸರ ವಿಚಾರಸರಣಿ. ಈ ಮಾತನ್ನು ತಿರುಗಿಸಿ ನೋಡಿದರೆ, ಮಾರುವವಳ ಹಸಿವನ್ನು ನೆವ ಮಾಡಿಕೊಂಡು ಬೆಲೆಯನ್ನು ಇಳಿಸುವುದೂ ಅಷ್ಟೇ ತಪ್ಪು. ಹಬೆಲ್ ಉದಾರಿಯಾಗಿದ್ದನೆಂಬುದರಲ್ಲಿ ಸಂದೇಹವಿಲ್ಲ. 1886ರಲ್ಲಿ ಸಿಡುಬು ಬಡಿದಾಗ ರೋಗಿಗಳನ್ನು ತಾನೇ ಶುಶ್ರೂಷೆ ಮಾಡಿದ್ದಾಗಿ ಅವನು ಹೇಳಿಕೊಂಡಿದ್ದಾನೆ. ಆದರೆ ಔದಾರ್ಯ ಬೇರೆ, ನ್ಯಾಯ ಬೇರೆ. ಔದಾರ್ಯ ಕೊಡುವವನ ಗುಣ. ನ್ಯಾಯ ಪಡೆಯುವವಳ ಹಕ್ಕು. ಒಳ್ಳೆಯ ಮನುಷ್ಯನ ಕೈಯಲ್ಲಿದ್ದ ಮಾತ್ರಕ್ಕೆ ತಕ್ಕಡಿ ನೇರವಾಗುವುದಿಲ್ಲ.

ಹೆಸರಿನ ಮಾತೂ ಹೀಗೆಯೇ. ಗನಾಡೊದ ನೇಕಾರಳೊಬ್ಬಳು ಹೊರಜಗತ್ತಿಗೆ 'ಗನಾಡೊದ ಎಲೆ' ಎಂದು ಪರಿಚಿತಳಾದಳು. 1903ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಆಲ್ಬುಕರ್ಕಿಗೆ ಬಂದಾಗ, ಅಲ್ಲಿನ ವಾಣಿಜ್ಯ ಸಂಘದ ಗೌರವ ಸದಸ್ಯತ್ವ ಪತ್ರವನ್ನೇ ಕಂಬಳಿಯಾಗಿ ನೇಯ್ದು ಕೊಟ್ಟವಳು ಅವಳು. ಅವಳ ಜನ ಅವಳನ್ನು ಕರೆಯುತ್ತಿದ್ದುದು 'ಕೆಂಪು ಹೆಣ್ಣು' ಎಂಬ ಅರ್ಥದ ಬೇರೊಂದು ಹೆಸರಿನಿಂದ. ಒಬ್ಬಳಿಗೆ ಎರವಲು ಹೆಸರಾದರೂ ಸಿಕ್ಕಿತು. ಉಳಿದ ಎಷ್ಟೋ ಮಂದಿ ನೇಯ್ದವು ಹೆಸರಿಲ್ಲದ ಕಂಬಳಿಗಳಾಗಿ ರೈಲು ಹತ್ತಿ ಹೋದವು.

ಅಂಚಿನಲ್ಲೊಂದು ದಾರಿ

ಹಬೆಲ್ 1930ರಲ್ಲಿ ತೀರಿಕೊಂಡ. ಅಂಗಡಿಯೆದುರಿನ ಗುಡ್ಡದ ಮೇಲೆ ಹೆಂಡತಿಯ ಪಕ್ಕದಲ್ಲಿ, 'ಹಲವು ಕುದುರೆಗಳು' ಎಂಬ ಹೆಸರಿನ ನವಾಹೋ ಗೆಳೆಯನ ಸಮೀಪದಲ್ಲಿ ಅವನನ್ನು ಮಣ್ಣು ಮಾಡಲಾಯಿತು. ಅದೇ ದಶಕದಲ್ಲಿ, ಹುಲ್ಲುಗಾವಲು ಸವೆಯುತ್ತಿದೆ ಎಂಬ ಕಾರಣಕ್ಕೆ ಸರಕಾರ ನವಾಹೋ ಕುರಿಗಳನ್ನು ಬಲವಂತವಾಗಿ ಕಡಿಮೆ ಮಾಡಿಸಿತು. ಎರಡೆರಡು ಕುರಿಗಳಿಂದ ಕಟ್ಟಿದ ಮಂದೆಗಳು ಎರಡನೆಯ ಬಾರಿ ಕರಗಿದವು. ಅಂಗಡಿಯನ್ನು ಮಗ ರೋಮನ್, ಅವನ ತರುವಾಯ ಸೊಸೆ ಡೊರೊಥಿ ನಡೆಸಿಕೊಂಡು ಬಂದರು. 1965ರ ಕಾನೂನಿನ ಅನುಸಾರ 1967ರಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆ ಅದನ್ನು 160 ಎಕರೆ ಜಮೀನಿನೊಡನೆ ವಹಿಸಿಕೊಂಡಿತು. ಕೊಂಡವರು ಬೀಗ ಹಾಕಿ ಗಾಜಿನ ಪೆಟ್ಟಿಗೆಯಲ್ಲಿಡಲಿಲ್ಲ. ಅಂಗಡಿ ಅಂಗಡಿಯಾಗಿಯೇ ಉಳಿಯಬೇಕು, ಗೋಡೆಯ ಚಿತ್ರಗಳು ಗೋಡೆಯಲ್ಲೇ ಇರಬೇಕು, ನೇಕಾರರು ಬಂದುಹೋಗುತ್ತಿರಬೇಕು ಎಂಬುದೇ ಉದ್ದೇಶವಾಗಿತ್ತು. ಕಂಬಳಿಗಳ ಕೋಣೆಯಲ್ಲಿ ನೇಯ್ದವರ ಹೆಸರು ಬರೆದ ಚೀಟಿ ಕಾಣಿಸಿಕೊಂಡಿತು. ಸಂದರ್ಶಕರೆದುರು ಮಗ್ಗ ಹೂಡಿ ಕುಳಿತ ಹೆಂಗಸರು ತಮ್ಮ ವಿದ್ಯೆಯನ್ನು ತಾವೇ ವಿವರಿಸಿದರು. ಅಂಗಡಿಯ ಹಿತೈಷಿಗಳ ಸಂಘ ವರ್ಷಗಟ್ಟಲೆ ಕಲಾವಸ್ತುಗಳ ಹರಾಜು ನಡೆಸಿ ಮೂಲನಿವಾಸಿ ವಿದ್ಯಾರ್ಥಿಗಳ ಕಾಲೇಜು ವ್ಯಾಸಂಗಕ್ಕೆ ನೆರವಾಯಿತು.

ಒಂದು ಚೀಟಿಯಲ್ಲಿ ಏನಿದೆ ಎಂದು ಕೇಳಬಹುದು. ಹೆಸರು ಬರೆದೊಡನೆ ವಸ್ತು ಸರಕಾಗಿ ಮಾತ್ರ ಉಳಿಯುವುದಿಲ್ಲ; ಅದು ಒಬ್ಬ ವ್ಯಕ್ತಿಯ ಮಾತಾಗುತ್ತದೆ. ಅಂಗಡಿ ಕಲಾಮಂದಿರವಾಗುವುದು ಚೌಕಟ್ಟಿನಿಂದಲ್ಲ, ಆ ಹೆಸರಿನಿಂದ.

ಕೊನೆಗೊಂದು ಸಂಗತಿ. ನವಾಹೋ ಕಂಬಳಿಗಳಿಗೆ ಸುತ್ತಲೂ ದಟ್ಟ ಅಂಚು ಕಟ್ಟುವ ಪದ್ಧತಿ ಬಲವಾದದ್ದು ವ್ಯಾಪಾರಿಗಳ ಕಾಲದಲ್ಲಿ, ಪೇಟೆಯ ರುಚಿಗೆ ತಕ್ಕಂತೆ. ನೇಕಾರರು ಅಂಚನ್ನು ಒಪ್ಪಿಕೊಂಡರು. ಆದರೆ ಅವರಲ್ಲಿ ಅನೇಕರು ಮೇಲಿನ ಮೂಲೆಯ ಬಳಿ, ಒಳಗಿನ ಬಣ್ಣದ ಒಂದೇ ಒಂದು ತೆಳು ಗೆರೆಯನ್ನು ಅಂಚನ್ನು ಸೀಳಿಕೊಂಡು ಹೊರಗೆ ಹೋಗುವಂತೆ ನೇಯುತ್ತಾರೆ. ನೋಡುವವರಿಗೆ ಅದು ನೂಲು ತಪ್ಪಿದಂತೆ ಕಾಣುತ್ತದೆ. ನೇಯ್ದವಳ ಮನಸ್ಸು ಆ ಕಂಬಳಿಯೊಳಗೆ ಸೆರೆಯಾಗದೆ ಹೊರಬಂದು ಮುಂದಿನ ಕಂಬಳಿಗೆ ಸಾಗಲೆಂದು ಬಿಟ್ಟ ದಾರಿ ಅದು. ಮಾರಿದ್ದು ಕಂಬಳಿಯನ್ನು, ತನ್ನನ್ನಲ್ಲ ಎಂದು ಅವಳು ಬರೆದಿಟ್ಟ ರುಜು ಎಂದು ನಾವು ಅದನ್ನು ಓದಿಕೊಂಡರೆ ತಪ್ಪಾಗಲಾರದು.

ಇನ್ನೊಮ್ಮೆ ಯಾವುದಾದರೂ ಕೈಕಸುಬಿನ ವಸ್ತುವನ್ನು ಕೊಳ್ಳುವಾಗ, ಬೆಲೆ ಎಷ್ಟೆಂದು ಕೇಳುವ ಮೊದಲು ಮಾಡಿದವರು ಯಾರೆಂದು ಕೇಳೋಣ. ಅಂಗಡಿಯವನಿಗೆ ಉತ್ತರ ತಿಳಿಯದಿದ್ದರೂ ಚಿಂತೆಯಿಲ್ಲ. ನಾಲ್ಕು ಮಂದಿ ಕೇಳಿದರೆ, ಐದನೆಯವನಿಗಾಗಿ ಅವನು ತಿಳಿದಿಟ್ಟುಕೊಂಡಾನು.